ನೆನಪಿನಿಂದ ಬರೆಸಿದ ಪ್ರವಾಸ

ಮೊರೊಕ್ಕೊದ ಟ್ಯಾಂಜಿಯರಿನ ಇಬ್ನ್ ಬತೂತ 1325ರಲ್ಲಿ, 21ರ ಹರೆಯದಲ್ಲಿ, ಹಜ್ ಯಾತ್ರೆಗೆಂದು ಮನೆ ಬಿಟ್ಟ. ತಾಯ್ನಾಡಿಗೆ ಮರಳಿದ್ದು ಸುಮಾರು 24 ವರ್ಷಗಳ ಮೇಲೆ. ಆಮೇಲೂ ಕಾಲು ನಿಲ್ಲದೆ ಸ್ಪೇನ್, ಮಾಲಿಗಳನ್ನು ನೋಡಿಬಂದ. ಅವನ ಪ್ರವಾಸಕಥನ ‘ರಿಹ್ಲಾ’ ದಿನಚರಿಯಲ್ಲ. ಮೊರೊಕ್ಕೊದ ಸುಲ್ತಾನನ ಅಪ್ಪಣೆಯಂತೆ ಅವನು ಹೇಳುತ್ತ ಹೋದದ್ದನ್ನು ಇಬ್ನ್ ಜುಜಯ್ ಎಂಬ ವಿದ್ವಾಂಸ ಬರೆದುಕೊಂಡ. ಬುಖಾರಾದ ಗೋರಿಗಳ ಮೇಲಿನ ಬರಹಗಳನ್ನು ಬತೂತ ಗುರುತು ಹಾಕಿಕೊಂಡಿದ್ದನಂತೆ. ಭಾರತದ ಕಡಲಲ್ಲಿ ದರೋಡೆಯಾದಾಗ ಆ ಟಿಪ್ಪಣಿಗಳೂ ಹೋದವು. ಡಮಾಸ್ಕಸ್, ಮೆಕ್ಕಾಗಳ ವರ್ಣನೆಯಲ್ಲಂತೂ ಹಿಂದಿನ ಯಾತ್ರಿಕ ಇಬ್ನ್ ಜುಬೈರನ ಮಾತುಗಳೇ ಬೆರೆತಿವೆ.

ಆದರೂ ಕೆಲವು ಊರುಗಳು ನೆನಪಿನಲ್ಲಿ ಅಚ್ಚಳಿಯದೆ ಉಳಿದವು. ಹೊನ್ನಾವರ ಅವುಗಳಲ್ಲೊಂದು. ಅಲ್ಲಿನ ಸುಲ್ತಾನ ಜಮಾಲುದ್ದೀನನ ಊಟವನ್ನು, ಅಂದರೆ ತಾಮ್ರದ ತಟ್ಟೆ, ಅನ್ನ, ತುಪ್ಪ, ಮೆಣಸು, ಶುಂಠಿ, ಮಾವಿನ ಉಪ್ಪಿನಕಾಯಿ, ಕೊನೆಯ ಮೊಸರನ್ನು, ಒಂದೊಂದಾಗಿ ಬಡಿಸಿದಂತೆ ವಿವರಿಸುತ್ತಾನೆ. ಕರಾವಳಿಯ ಊಟ ಬಲ್ಲವರಿಗೆ ಈ ಕ್ರಮ ಅಪರಿಚಿತವಲ್ಲ. ಊರಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳಿದ್ದು, ಇಂಥದ್ದನ್ನು ಬೇರೆಲ್ಲೂ ಕಾಣಲಿಲ್ಲ ಎನ್ನುತ್ತಾನೆ. ನೆನಪಿನ ಲೆಕ್ಕವಾದ್ದರಿಂದ ಅಂಕಿಗಳನ್ನು ಎಚ್ಚರದಿಂದ ಓದಬೇಕು. ಅವನ ಬೆರಗು ಮಾತ್ರ ಸಾಚಾ.

ಇಷ್ಟು ಸುತ್ತಿದರೂ ಅವನ ಹಳೆಯ ಧಾರ್ಮಿಕ ಕಟ್ಟುನಿಟ್ಟು ಪೂರ್ತಿ ಕರಗಲಿಲ್ಲ. ಮಾಲಿಯ ನ್ಯಾಯವನ್ನೂ ದಾರಿಗಳ ಸುರಕ್ಷತೆಯನ್ನೂ ಹೊಗಳಿದವನೇ ಅಲ್ಲಿನ ಹೆಂಗಸರ ಸ್ವಾತಂತ್ರ್ಯಕ್ಕೆ ಮುಖ ಸಿಂಡರಿಸಿದ. ಮಾಲ್ಡೀವ್ಸ್‌ನಲ್ಲಿ ಖಾಜಿಯಾಗಿದ್ದಾಗ ಹೆಂಗಸರ ಉಡುಗೆ ಬದಲಿಸಲು ಹೊರಟು ಸೋತದ್ದನ್ನೂ ಮುಚ್ಚಿಡದೆ ಹೇಳಿಕೊಂಡಿದ್ದಾನೆ.