ಬೆಟ್ಟಗಳ ನಡುವೆ ಇನ್ನೂರು ಕಿಲೋಮೀಟರು ನುಗ್ಗಿದ ಕಡಲು

ಉತ್ತರ ಸಮುದ್ರದಿಂದ ಹಡಗು ಒಳಗೆ ತಿರುಗಿತೆನ್ನಿ. ಒಂದು ತಾಸು, ಎರಡು ತಾಸು, ಇನ್ನೂ ಎಷ್ಟೋ ಹೊತ್ತು ಎರಡೂ ಕಡೆ ಬೆಟ್ಟವೇ, ಆದರೆ ಕೆಳಗಿರುವುದು ಕಡಲು! ನಾರ್ವೆಯ ಪಶ್ಚಿಮ ಕರಾವಳಿಯನ್ನು ಸೀಳಿಕೊಂಡು ಹೊರಟ ಸೋಗ್ನೆಫಿಯೋರ್ಡ್ ನಿಲ್ಲುವುದು 200 ಕಿಲೋಮೀಟರು ದಾಟಿ, ಶೋಲ್ಡೆನ್ ಎಂಬ ಪುಟ್ಟ ಊರಿನಲ್ಲಿ. ಆ ತುದಿಯ ಆಚೆ ಹುರುಂಗಾನೆ ಶಿಖರಗಳು 2,400 ಮೀಟರು ಏರಿ ನಿಂತಿವೆ.

ಎತ್ತರ ಬಿಡಿ, ಆಳ ನೋಡಿ. 1,300 ಮೀಟರು! ಹೊರಗಿನ ಉತ್ತರ ಸಮುದ್ರದ ಸರಾಸರಿ ಆಳ ನೂರನ್ನೂ ಮುಟ್ಟದು. ಇನ್ನೂ ಸೋಜಿಗವೆಂದರೆ ಫಿಯೋರ್ಡಿನ, ಅಂದರೆ ಈ ಕಡಲತೋಳಿನ, ಬಾಯಿ: ಅಲ್ಲಿ ತಳ ಮೇಲೆದ್ದು, ಇನ್ನೂರು ಮೀಟರಿಗಿಂತ ಕಡಿಮೆ ಆಳದಲ್ಲಿ ಹೊಸ್ತಿಲು ಹಾಕಿದಂತಿದೆ. ನದಿ ಕೊರೆದಿದ್ದರೆ ಹೀಗಾಗುತ್ತಿತ್ತೇ? ಇದು ಹಿಮನದಿಯ ಕೆಲಸ. ಹಿಮಯುಗಗಳಲ್ಲಿ ಮತ್ತೆ ಮತ್ತೆ, ಕಿಲೋಮೀಟರಿಗೂ ಮಿಕ್ಕ ದಪ್ಪದ ಮಂಜುಗಡ್ಡೆ ಬಂಡೆಚೂರುಗಳನ್ನು ಕಚ್ಚಿಕೊಂಡು ಹಳೆಯ ನದೀಕಣಿವೆಯನ್ನು ಉಜ್ಜುತ್ತ ಇಳಿಯಿತು. ಕರಾವಳಿಯಲ್ಲಿ ಬೆಟ್ಟಗಳ ಬಿಗಿ ಸಡಿಲವಾದದ್ದೇ ತಡ, ಹರಡಿ ತೆಳುವಾಗಿ ಕೊರೆಯುವ ಕಸುವನ್ನೇ ಕಳೆದುಕೊಂಡಿತು. ಅಲ್ಲಿ ಬಂಡೆ ಉಳಿಯಿತು. ಸುಮಾರು ಹತ್ತು ಸಾವಿರ ವರ್ಷಗಳ ಹಿಂದೆ ಮಂಜು ಹಿಂದೆ ಸರಿದಂತೆ ಕಡಲು ಒಳಗೆ ಬಂತು.

ಆ ಉಜ್ಜಾಟ ಇನ್ನೂ ನಿಂತಿಲ್ಲ! ಮೇಲೆ ಯೂಸ್ಟೆಡಾಲ್ಸ್‌ಬ್ರೇನ್ ಇದೆ, ಯುರೋಪಿನ ಮುಖ್ಯಭೂಮಿಯ ಅತಿ ದೊಡ್ಡ ಹಿಮನದಿ. ಅದು ಬಂಡೆಯನ್ನು ನುಣ್ಣಗೆ ಹಿಟ್ಟು ಮಾಡುತ್ತದೆ. ಬೇಸಿಗೆಯ ಕರಗುನೀರು ಆ ಹಿಟ್ಟನ್ನು ಹೊತ್ತು ತಂದಾಗ ಲುಸ್ಟ್ರಾಫಿಯೋರ್ಡ್ ಕವಲಿನ ನೀರು ಪೂರಾ ಮಬ್ಬು ಹಸಿರು.

ಇನ್ನು ಮನುಷ್ಯರು. 1184ರ ಜೂನ್, ಇದೇ ಫಿಯೋರ್ಡಿನ ಫಿಮ್ರೈಟೆಯ ಬಳಿ ಇಬ್ಬರು ರಾಜರು ಎದುರಾದರು. ಮಾಗ್ನುಸ್ ಎರ್ಲಿಂಗ್ಸನ್‌ನ ಹಡಗುಗಳನ್ನು ಒಂದಕ್ಕೊಂದು ಕಟ್ಟಲಾಗಿತ್ತು. ಸ್ವೆರೆಯ ಪಡೆ ತುದಿಯಿಂದ ಒಂದೊಂದನ್ನೇ ಹಿಡಿಯುತ್ತ ಬಂತು. ಮಾಗ್ನುಸನ ಕಡೆಯವರು ಪಕ್ಕದ ಹಡಗಿಗೆ ಹಾರಿದರು, ಅಲ್ಲಿಂದ ಮುಂದಿನದಕ್ಕೆ. ಭಾರ ತಾಳದೆ ಹಡಗುಗಳೇ ಮುಳುಗಿದವು! ಮಾಗ್ನುಸನೂ ನೀರುಪಾಲಾದ, ನಾರ್ವೆ ಸ್ವೆರೆಯದಾಯಿತು.

ಆ ಹೊತ್ತಿಗೆ ಲುಸ್ಟ್ರಾಫಿಯೋರ್ಡ್ ದಡದ ಊರ್ನೆಸ್‌ನ ಮರದ ಚರ್ಚು ಎದ್ದು ಅರ್ಧ ಶತಮಾನವಾಗಿತ್ತು. ಇವತ್ತೂ ನಿಂತಿದೆ! ಕಂಬಗಳನ್ನು ನೆಲದಲ್ಲಿ ಹುಗಿಯದೆ, ಕಲ್ಲಿನ ಮೇಲಿಟ್ಟ ತೊಲೆಗಳ ಮೇಲೆ ನಿಲ್ಲಿಸಿದ್ದರಿಂದ ಬುಡ ಕೊಳೆಯಲಿಲ್ಲ. 1979ರಲ್ಲೇ ಯುನೆಸ್ಕೊ ಪಟ್ಟಿ ಸೇರಿತು. ನನಗಂತೂ 1,300 ಮೀಟರಿಗಿಂತ ಇದರ ಉತ್ತರದ ಗೋಡೆಯೇ ದೊಡ್ಡ ಬೆರಗು. ಅಲ್ಲಿನ ಕೆತ್ತನೆಯಲ್ಲಿ ಸಪೂರ ಕಾಲಿನ ಮೃಗವೊಂದು ಹಾವನ್ನು ಕಚ್ಚಿದೆ, ಹಾವು ಅದನ್ನು ಕಚ್ಚಿದೆ. ಯಾರ ಬಾಲ ಎಲ್ಲಿ ಮುಗಿಯಿತೋ ಕಣ್ಣಿಗೆ ಸಿಕ್ಕುವುದೇ ಇಲ್ಲ. ಈ ಹಲಗೆಗಳಿಗೆ ಚರ್ಚಿಗಿಂತಲೂ ಹೆಚ್ಚು ವಯಸ್ಸು: ಅದೇ ಜಾಗದಲ್ಲಿದ್ದ 11ನೇ ಶತಮಾನದ ಚರ್ಚಿನಿಂದ ಬಿಚ್ಚಿ, ಹೊಸದಕ್ಕೆ ಜೋಡಿಸಿದವು ಇವು.