ಶಾಲೆ ಬಿಟ್ಟ ಮೇಲೆ ತೆರೆಯುವ ಬಾಗಿಲು

1989ರ ಡಿಸೆಂಬರ್ ರಜೆ. ಅಮೆರಿಕದ ಬಾಸ್ಟನ್ ನಗರದ ಕಂಪ್ಯೂಟರ್ ಮ್ಯೂಸಿಯಂನಲ್ಲಿ ಮಕ್ಕಳಿಗೊಂದು ಕಾರ್ಯಾಗಾರ. ಲೆಗೊ ತುಂಡುಗಳಿಂದ ಯಂತ್ರ ಕಟ್ಟಿ, ಅದನ್ನು ಕಂಪ್ಯೂಟರಿನಿಂದ ಆಡಿಸುವ ಕಲಿಕೆ. ನೆರೆಹೊರೆಯ ನಾಲ್ವರು ಮಕ್ಕಳು ಅದಕ್ಕೆ ಎಷ್ಟು ಮನಸೋತರೆಂದರೆ, ರಜೆ ಮುಗಿದು ಸಾಮಾನೆಲ್ಲ ಕಟ್ಟಿಟ್ಟ ಮೇಲೂ ಹುಡುಕಿಕೊಂಡು ಬಂದರು. ಕೆಲ ವಾರಗಳ ನಂತರ, ಒಳಗೆ ನುಸುಳುತ್ತಿರುವ ಮಕ್ಕಳ ಬಗ್ಗೆ ಎಚ್ಚರವಿರಲಿ ಎಂದು ಸಿಬ್ಬಂದಿಗೆ ಸೂಚನೆ ಹೋಯಿತು. ಅವರು ಅದೇ ಮಕ್ಕಳು!

ಕಲಿಯುವ ಹಸಿವಿದೆ, ಸಂಜೆ ಹೋಗಲು ಜಾಗವಿಲ್ಲ. ಕಾರ್ಯಾಗಾರ ನಡೆಸಿದ್ದ ನಟಾಲಿ ರಸ್ಕ್ ಮತ್ತು ಎಂಐಟಿ ವಿಶ್ವವಿದ್ಯಾಲಯದ ಮಿಚೆಲ್ ರೆಸ್ನಿಕ್ ಅವರನ್ನು ಕಾಡಿದ್ದು ಇದೇ. ಅದರ ಫಲವಾಗಿ 1993ರಲ್ಲಿ ಮ್ಯೂಸಿಯಂನಲ್ಲೇ ಹುಟ್ಟಿದ್ದು ‘ಕಂಪ್ಯೂಟರ್ ಕ್ಲಬ್‌ಹೌಸ್’. ಬಡ ಬಡಾವಣೆಗಳ 10ರಿಂದ 18 ವರ್ಷದವರಿಗೆ ಇಲ್ಲಿ ಪ್ರವೇಶ ಉಚಿತ.

ಇಲ್ಲಿ ಪಠ್ಯವಿಲ್ಲ, ಪರೀಕ್ಷೆಯಿಲ್ಲ. ಹಾಡು ಧ್ವನಿಮುದ್ರಿಸಬೇಕೆ, ಅನಿಮೇಷನ್ ಮಾಡಬೇಕೆ, ರೋಬಾಟ್ ಕಟ್ಟಬೇಕೆ? ಆಯ್ಕೆ ಮಕ್ಕಳದ್ದೇ. ಕಾಲೇಜು ವಿದ್ಯಾರ್ಥಿಗಳು, ಕಲಾವಿದರು, ಎಂಜಿನಿಯರುಗಳು ಸ್ವಯಂಸೇವಕರಾಗಿ ಬಂದು ಪಕ್ಕದಲ್ಲಿ ಕೂರುತ್ತಾರೆ. ಪಾಠ ಹೇಳುವುದಿಲ್ಲ, ಜೊತೆಗೂಡಿ ಮಾಡುತ್ತಾರೆ. ನಡುವೆ ಕಂಪ್ಯೂಟರೇ ಇಲ್ಲದ ದೊಡ್ಡ ಹಸಿರು ಮೇಜು. ಚಿತ್ರ ಬರೆಯಲು, ತಿಂಡಿ ಹಂಚಿಕೊಳ್ಳಲು, ಇನ್ನೊಬ್ಬರ ಕೆಲಸ ನೋಡಿ ಹೊಸದನ್ನು ಯೋಚಿಸಲು ಅದೇ ಜಗಲಿ.

ಈ ಮಕ್ಕಳು ಪಡೆದದ್ದಷ್ಟೇ ಅಲ್ಲ, ಕೊಟ್ಟದ್ದೂ ಇದೆ. ತಮ್ಮದೇ ಆಟ, ಚಲಿಸುವ ಕಥೆಗಳನ್ನು ಮಾಡುವ ಆಸೆ ಅವರಿಗಿತ್ತು. ಅವರ ಕೈಗೆ ಒಗ್ಗುವ ಪ್ರೋಗ್ರಾಮಿಂಗ್ ಸಾಧನ ಇರಲಿಲ್ಲ. ಆ ಕೊರತೆ ನೀಗಿಸಲು ರೆಸ್ನಿಕ್ ತಂಡ ರೂಪಿಸಿ, ಕ್ಲಬ್‌ಹೌಸ್‌ಗಳಲ್ಲಿ ಪ್ರಯೋಗಿಸಿ, 2007ರಲ್ಲಿ ಲೋಕಕ್ಕೆ ಉಚಿತವಾಗಿ ಕೊಟ್ಟದ್ದೇ ‘ಸ್ಕ್ರ್ಯಾಚ್’. ಬಣ್ಣದ ತುಂಡುಗಳನ್ನು ಜೋಡಿಸಿ ಬೆಕ್ಕನ್ನು ನಡೆಸುವ ಆ ತಂತ್ರಾಂಶ ನಮ್ಮ ಅನೇಕ ಶಾಲಾ ಮಕ್ಕಳಿಗೂ ಪರಿಚಿತ.

2000ದಿಂದ ಇಂಟೆಲ್ ಕಂಪನಿಯ ನೆರವು ದೊರೆತು ಕ್ಲಬ್‌ಹೌಸ್‌ಗಳು ಹಲವು ದೇಶಗಳಿಗೆ ಹಬ್ಬಿದವು. ಎಲ್ಲೆಡೆ ನಂಬಿಕೆ ಒಂದೇ: ಇನ್ನೊಬ್ಬರು ಮಾಡಿಟ್ಟದ್ದನ್ನು ಬಳಸಲು ಬಂದರೆ ಸಾಲದು, ತನ್ನದೊಂದನ್ನು ಮಾಡಲು ಬರಬೇಕು. ಉಳ್ಳವರ ಮಕ್ಕಳಿಗೆ ಸೃಷ್ಟಿ, ಇಲ್ಲದವರ ಮಕ್ಕಳಿಗೆ ಬರೀ ಟೈಪಿಂಗ್ ಎಂಬ ಭೇದವನ್ನು ಈ ಸಂಸ್ಥೆ ಒಪ್ಪಲಿಲ್ಲ.

ಇಂದು ನಮ್ಮ ಕೊಳೆಗೇರಿಗಳಲ್ಲೂ ಮೊಬೈಲ್ ಫೋನುಗಳಿವೆ. ಆದರೆ ಯಂತ್ರ ಕೈಗೆ ಬಂದೊಡನೆ ಕಲಿಕೆ ಬರುವುದಿಲ್ಲ. ಮಕ್ಕಳಿಗಾಗಿ ಕಂಪ್ಯೂಟರ್ ಕೇಂದ್ರ ತೆರೆಯುವ ಯಾರೇ ಆಗಲಿ, ಯಂತ್ರಗಳನ್ನು ಎಣಿಸುವ ಮೊದಲು ಎರಡು ವಿಷಯ ಗಟ್ಟಿ ಮಾಡಿಕೊಳ್ಳಬೇಕು: ಸಂಜೆ ಬಾಗಿಲು ತೆರೆದಿರಬೇಕು, ಮಗುವಿನ ಪಕ್ಕದಲ್ಲಿ ಕೂರಲು ದೊಡ್ಡವರೊಬ್ಬರು ಇರಬೇಕು.