ಗಾಯ ಮಾಯಲು ಹದವಾದ ತೇವ ಬೇಕು

ತೊಗರಿ ಕೊಯ್ದ ಹೊಲದಲ್ಲಿ ಉಳಿಯುವ ಕೂಳೆ ಬಲು ಹರಿತ. ಪ್ರತಿವರ್ಷ ರಾಶಿಯ ದಿನಗಳಲ್ಲಿ ಕಮಲಾಪುರದ ಸುತ್ತಲಿನ ಹಳ್ಳಿಗಳಿಂದ ಕೂಳೆ ಚುಚ್ಚಿದ ಕಾಲಿನೊಡನೆ ಕಲಬುರಗಿಯ ನಮ್ಮ ಚಿಕಿತ್ಸಾಲಯಕ್ಕೆ ಬರುವ ರೈತರನ್ನು ನಾವು ಕಾಣುತ್ತೇವೆ. ಸುಣ್ಣ, ಚಹಾಪುಡಿ, ತಂಬಾಕು, ಬೂದಿ ಇವುಗಳಲ್ಲೊಂದನ್ನು ಗಾಯಕ್ಕೆ ಮೆತ್ತಿಕೊಂಡೇ ಹಲವರು ಬರುತ್ತಾರೆ. ಗಾಯ ಒಣಗಿದರೆ ಮಾಯುತ್ತದೆ ಎಂಬುದು ಅವರ ನಂಬಿಕೆ. ಈ ನಂಬಿಕೆಯನ್ನು ಆಯುರ್ವೇದವೂ ಆಧುನಿಕ ವಿಜ್ಞಾನವೂ ಒಪ್ಪುವುದಿಲ್ಲ.

ಸುಶ್ರುತಾಚಾರ್ಯರು ವ್ರಣ ಚಿಕಿತ್ಸೆಗೆ 60 ಉಪಕ್ರಮಗಳನ್ನು ಹೇಳಿದ್ದಾರೆ. ಅವುಗಳಲ್ಲಿ ‘ಪತ್ರದಾನ’ವೂ ಒಂದು. ರೂಕ್ಷತೆಯಿಂದ, ಅಂದರೆ ಒಣಗಿದ ಕಾರಣದಿಂದ, ಮಾಯದಿರುವ ಗಾಯಕ್ಕೆ ಔಷಧ ಲೇಪಿಸಿ ಎಲೆ ಹೊದಿಸುವ ವಿಧಾನವಿದು. 1962ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಜಾರ್ಜ್ ವಿಂಟರ್ ಹಂದಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ, ತೇವ ಆರದಂತೆ ಮುಚ್ಚಿದ ಗಾಯದ ಮೇಲೆ ಹೊಸ ಚರ್ಮವು ಗಾಳಿಗೆ ಬಿಟ್ಟ ಗಾಯಕ್ಕಿಂತ ಸುಮಾರು ಎರಡು ಪಟ್ಟು ಬೇಗ ಬೆಳೆಯಿತು. ಹೊಸ ಜೀವಕೋಶಗಳು ಗಾಯದ ಅಂಚಿನಿಂದ ಒಳಮುಖವಾಗಿ ಸರಿಯುತ್ತವೆ. ತೇವವಿದ್ದರೆ ಅವು ಸುಲಭವಾಗಿ ಸಾಗುತ್ತವೆ. ಗಟ್ಟಿ ಹಕ್ಕಳೆ ಕಟ್ಟಿದರೆ ಅದರ ಅಡಿಯಲ್ಲಿ ದಾರಿ ಮಾಡಿಕೊಂಡು ಹೋಗಬೇಕಾಗುತ್ತದೆ.

ಕಮಲಾಪುರದ ಕೆಂಪು ಬಾಳೆಗೆ ಭೌಗೋಳಿಕ ಸೂಚಕ ಮಾನ್ಯತೆಯುಂಟು. ಬಾಳೆಯ ಹಣ್ಣಿನಂತೆ ಅದರ ಎಲೆಯೂ ಉಪಕಾರಿ. ಮುಂಬಯಿಯ ವೈದ್ಯರು ಸುಟ್ಟಗಾಯಗಳಿಗೆ ಬಾಳೆ ಎಲೆಯ ಪಟ್ಟಿ ಕಟ್ಟಿ, ಅದರ ಫಲಿತಾಂಶವನ್ನು 2003ರಲ್ಲಿ ಪ್ರಕಟಿಸಿದರು. ಎಲೆಯ ನುಣುಪಾದ ಮೇಣದ ಮೈ ಗಾಯಕ್ಕೆ ಅಂಟದು. ಆದ್ದರಿಂದ ಪಟ್ಟಿ ಬಿಚ್ಚುವಾಗ ನೋವು ತೀರ ಕಡಿಮೆ. ಆದರೆ ಅವರು ಬಳಸಿದ್ದು ಯಂತ್ರದಲ್ಲಿ ಕ್ರಿಮಿಶುದ್ಧಿ ಮಾಡಿದ ಎಲೆ. ತೋಟದಿಂದ ಕೊಯ್ದು ತಂದ ಎಲೆಯನ್ನು ಹಾಗೆಯೇ ಗಾಯಕ್ಕೆ ಕಟ್ಟಬಾರದು.

ಇಂದು ಆಸ್ಪತ್ರೆಗಳಲ್ಲಿ ದೊರೆಯುವ ಹಲವು ಪಟ್ಟಿಗಳು ಜೈವಿಕ ಪಾಲಿಮರ್‌ಗಳಿಂದ ಆದವು. ಮಣಿ ಪೋಣಿಸಿದ ಸರದಂತೆ ಸಣ್ಣ ಅಣುಗಳು ಕೂಡಿ ಆದ, ಜೀವಿಗಳಲ್ಲೇ ಹುಟ್ಟುವ ವಸ್ತುಗಳಿವು. ಕಡಲ ಪಾಚಿಯ ಆಲ್ಜಿನೇಟ್ ಸೋರುವ ಗಾಯದ ದ್ರವವನ್ನು ಹೀರಿ ಲೋಳೆಯಾಗಿ ತೇವವನ್ನು ಕಾಯುತ್ತದೆ. ಒಣಗಾಯಕ್ಕೆ ಅದು ಸಲ್ಲದು. ಸೀಗಡಿ, ಏಡಿಗಳ ಚಿಪ್ಪಿನಿಂದ ತೆಗೆಯುವ ಕೈಟೋಸಾನ್ ರಕ್ತಸ್ರಾವವನ್ನು ತಡೆಯುತ್ತದೆ. ದನದ ಚರ್ಮ, ಮೀನು ಮುಂತಾದವುಗಳಿಂದ ಪಡೆಯುವ ಕೊಲಾಜೆನ್ ಹೊಸ ಮಾಂಸ ಬೆಳೆಯಲು ಹಂದರವಾಗುತ್ತದೆ. ಸಸ್ಯಾಹಾರಿಗಳಾದ ಭಕ್ತರು ಪಟ್ಟಿಯ ಮೂಲವನ್ನು ವೈದ್ಯರಲ್ಲಿ ವಿಚಾರಿಸುವುದರಲ್ಲಿ ಸಂಕೋಚ ಬೇಡ. ಅನೇಕ ಗಾಯಗಳಿಗೆ ಪರ್ಯಾಯಗಳಿವೆ. ಆದರೆ ಪ್ರಾಣಕ್ಕೋ ಕಾಲಿಗೋ ಅಪಾಯವಿರುವಾಗ ಆ ವಿಚಾರಕ್ಕಾಗಿ ಚಿಕಿತ್ಸೆಯನ್ನು ತಡಮಾಡಬಾರದು.

ಜೇನುತುಪ್ಪಕ್ಕೆ ಶೋಧನ, ರೋಪಣ, ಸಂಧಾನ ಗುಣಗಳನ್ನು ಸುಶ್ರುತರು ಹೇಳಿದ್ದಾರೆ. ಅದರಲ್ಲಿ ನೀರಿನಂಶ ಕಡಿಮೆ, ಆಮ್ಲೀಯತೆ ಹೆಚ್ಚು. ಆದ್ದರಿಂದ ಕ್ರಿಮಿಗಳು ಬೆಳೆಯುವುದು ಕಷ್ಟ. ಆದರೂ ಅಂಗಡಿಯ ಜೇನಿನಲ್ಲಿ ರೋಗಾಣುಗಳ ಬೀಜಕಗಳು ಇರಬಹುದು. ಗಾಯಕ್ಕೆಂದೇ ಶುದ್ಧೀಕರಿಸಿದ ಜೇನನ್ನು ವೈದ್ಯರ ಸಲಹೆಯಂತೆ ಬಳಸಬೇಕು.

ವಿಭೂತಿಯ ವಿಷಯದಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬಯಸುತ್ತೇವೆ. ವಿಭೂತಿ ಹಣೆಗೆ ಭೂಷಣ. ತೆರೆದ ಗಾಯಕ್ಕೆ ಅದು ಔಷಧವಲ್ಲ. ಯಾವ ಬೂದಿಯೇ ಆಗಲಿ ಗಾಯದ ತೇವವನ್ನು ಹೀರುತ್ತದೆ. ಅದಕ್ಕೆ ಮಣ್ಣು, ಸಗಣಿ ಬೆರೆತಿದ್ದರೆ ಧನುರ್ವಾಯುವಿನ ಭಯವೂ ಉಂಟು. ಗಾಯವಾದೊಡನೆ ಹರಿಯುವ ಶುದ್ಧ ನೀರಿನಲ್ಲಿ ತೊಳೆದು, ಒಗೆದು ಒಣಗಿಸಿದ ಹತ್ತಿಬಟ್ಟೆಯಿಂದ ಮುಚ್ಚಿ, ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ವಿಚಾರಿಸಬೇಕು.

ಮಧುಮೇಹಿಗಳು ವಿಶೇಷ ಎಚ್ಚರ ವಹಿಸಬೇಕು. ನರಗಳು ಜಡವಾದ ಪಾದದಲ್ಲಿ ಆಳವಾದ ಗಾಯವೂ ನೋಯುವುದಿಲ್ಲ. ನೋವಿಲ್ಲವೆಂದು ಸುಮ್ಮನಿದ್ದವರು ಕಾಲನ್ನೇ ಕಳೆದುಕೊಂಡುದನ್ನು ನಾವು ಕಂಡಿದ್ದೇವೆ. ರಕ್ತದ ಸಕ್ಕರೆ ಹತೋಟಿಯಲ್ಲಿರದಿದ್ದರೆ ಎಂಥ ಉತ್ತಮ ಪಟ್ಟಿಯೂ ನಿಷ್ಫಲ. ಹೊಲಕ್ಕೆ ಬರಿಗಾಲಿನಲ್ಲಿ ಹೋಗಬಾರದು; ಪ್ರತಿರಾತ್ರಿ ಪಾದ ತೊಳೆದು ಅಂಗಾಲನ್ನು ನೋಡಿಕೊಳ್ಳಬೇಕು. ಕಣ್ಣು ಮಂಜಾದ ಹಿರಿಯರ ಪಾದಗಳನ್ನು ಮನೆಯ ಮಕ್ಕಳು ನೋಡಲಿ.